ನಿಮಗಿದು ಗೊತ್ತೆ? ವೈರಸ್ ಅಡಗಿಸುವ ಮದ್ದಿಗೂ ಬೆಲೆಯುಂಟು
ತ್ಯಾಮಗೊಂಡ್ಲುವಿನಲ್ಲಿ ಬಸ್ಸಿಗೆ ಕಾದು ನಿಂತ ದೊಡ್ಡವರಲ್ಲಿ ಹೆಚ್ಚಿನವರ ಮೈಯಲ್ಲಿ ಸಿಎಂವಿ (ಸೈಟೊಮೆಗಾಲೊವೈರಸ್) ಮಲಗಿರುತ್ತದೆ; ದೇಶದ ಉಳಿದೆಡೆಯೂ ಅಷ್ಟೇ. ಸಾಮಾನ್ಯವಾಗಿ ಅದರಿಂದ ತಂಟೆಯಿಲ್ಲ. ಆದರೆ ದಾನಿಯಿಂದ ಆಕರಕೋಶ (ಸ್ಟೆಮ್ ಸೆಲ್) ಕಸಿ ಮಾಡಿಸಿಕೊಂಡವರಲ್ಲಿ ರೋಗನಿರೋಧಕ ಶಕ್ತಿ ಕುಸಿದಾಗ ಅದು ಎದ್ದು ಕೂತು ಶ್ವಾಸಕೋಶ, ಕರುಳಿಗೆ ಕೈ ಹಾಕಬಹುದು. ಅದಕ್ಕೇ ಕಸಿಯಾದ ಮೊದಲ 100 ದಿನ ಸಾಮಾನ್ಯವಾಗಿ ವಾರವಾರವೂ ರಕ್ತಪರೀಕ್ಷೆ.

ಪರೀಕ್ಷೆಯಲ್ಲಿ ವೈರಸ್ ಕಂಡಾಗ ಗ್ಯಾನ್ಸಿಕ್ಲೋವಿರ್ ಎಂಬ ಮದ್ದು ಕೊಟ್ಟರೆ ಅದು ತಗ್ಗುತ್ತದೆ. ಜೊತೆಗೆ, ಆಗಷ್ಟೇ ಚಿಗುರಿದ ಅಸ್ಥಿಮಜ್ಜೆಯೂ ಸೊರಗಿ ಬಿಳಿ ರಕ್ತಕಣ ಇಳಿಯಬಹುದು. ಇನ್ನೊಂದು ಮದ್ದು ಫೋಸ್ಕಾರ್ನೆಟ್ ಮಜ್ಜೆಯ ಗೊಡವೆಗೆ ಅಷ್ಟಾಗಿ ಹೋಗದು, ಆದರೆ ಮೂತ್ರಪಿಂಡವನ್ನು ಹಿಡಿಯುತ್ತದೆ. ಸಲೈನ್ ಹರಿಸಿ, ಕ್ಯಾಲ್ಸಿಯಂ, ಮೆಗ್ನೀಸಿಯಂ ನೋಡುತ್ತಲೇ ಕೊಡಬೇಕು. ವೈದ್ಯರಿಗೆ ಪೇಚಿನ ಆಯ್ಕೆಯೇ ಸರಿ!

2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಲೆಟರ್ಮೊವಿರ್ ಮಜ್ಜೆ, ಮೂತ್ರಪಿಂಡ ಎರಡಕ್ಕೂ ಅಷ್ಟು ಹಾನಿ ಮಾಡದು. ಆದರೆ ಸಿಎಂವಿ ಏಳದಂತೆ ತಡೆಯುವುದಷ್ಟೇ ಅದರ ಕೆಲಸ. ಸರ್ಪಸುತ್ತಿನ ವೈರಸ್‌ಗೆ ಅದು ನಾಟದ್ದರಿಂದ ಅಸೈಕ್ಲೋವಿರ್ ಮಾತ್ರೆ ಬೇರೆ ನುಂಗಬೇಕು.