ಲೋಟ ಎಣಿಸುವ ಕಣ್ಣುಗಳು

ಮದುವೆಯ ಆರತಕ್ಷತೆ. ಊಟದ ಪಂಕ್ತಿ ಏಳುವ ಹೊತ್ತಿಗೆ ನಾಲ್ಕಾರು ಗಂಡಸರು ಮೆಲ್ಲಗೆ ಛತ್ರದ ಹಿಂಬದಿಗೆ ಸರಿಯುತ್ತಾರೆ. ಅರ್ಧ ಗಂಟೆಯ ನಂತರ ಏಲಕ್ಕಿ ಜಗಿಯುತ್ತಾ ಮರಳಿ ಬರುತ್ತಾರೆ. ಯಾರ ದನಿ ಸ್ವಲ್ಪ ಏರಿದೆ, ಯಾರ ಕಣ್ಣು ಕೆಂಪಾಗಿದೆ, ಯಾರ ನಡಿಗೆ ಅಳತೆ ತಪ್ಪಿದೆ ಎಂಬುದನ್ನು ಅಲ್ಲಿರುವ ಇನ್ನೂರು ಜನರಲ್ಲಿ ಬಹುಪಾಲು ಮಂದಿ ಗಮನಿಸುವುದೇ ಇಲ್ಲ. ಆದರೆ ಒಬ್ಬಿಬ್ಬರಿಗೆ ಅದು ತಕ್ಷಣ ತಿಳಿದುಬಿಡುತ್ತದೆ. ಎದೆ ಡವಗುಟ್ಟುತ್ತದೆ, ಊಟ ರುಚಿಸುವುದಿಲ್ಲ, ಯಾವಾಗ ಮನೆಗೆ ಹೋದೇವೋ ಅನಿಸುತ್ತದೆ.

ಆ ಒಬ್ಬರು ನೀವಾಗಿದ್ದರೆ, ನಿಮ್ಮದು ತಪ್ಪು ಹುಡುಕುವ ಸ್ವಭಾವವೆಂದು ಬೇಸರ ಪಟ್ಟುಕೊಳ್ಳಬೇಡಿ. ಬಹುಶಃ ನೀವು ಕುಡಿತದ ಮನೆಯಲ್ಲಿ ಬೆಳೆದವರು, ಇಲ್ಲವೇ ಕುಡಿಯುವವರೊಡನೆ ಹಲವು ವರ್ಷ ಬಾಳಿದವರು. ಇಂಥವರ ಸಂಖ್ಯೆ ಸಣ್ಣದಲ್ಲ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಅಖಿಲ ಭಾರತ ವೈದ್ಯ ವಿಜ್ಞಾನ ಸಂಸ್ಥೆ ನಡೆಸಿದ ಸಮೀಕ್ಷೆಯ ವರದಿ 2019ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಅವರಲ್ಲಿ 5.7 ಕೋಟಿಗೂ ಹೆಚ್ಚು ಮಂದಿಗೆ ಕುಡಿತದ ಸಮಸ್ಯೆಗಾಗಿ ನೆರವು ಬೇಕಾಗಿದೆ. ಪ್ರತಿಯೊಬ್ಬನ ಹಿಂದೆ ಹೆಂಡತಿ, ಮಕ್ಕಳು, ಮುದಿ ತಾಯಿ ಇದ್ದಾರೆ ಎಂಬುದನ್ನು ನೆನೆದರೆ ಈ ಲೆಕ್ಕ ಎಲ್ಲಿಗೆ ಮುಟ್ಟುತ್ತದೆ, ನೀವೇ ಊಹಿಸಿ.

ಈ ಎಚ್ಚರ ಎಲ್ಲಿಂದ ಬಂತು?

ಕುಡಿತದ ಮನೆಯ ಮಗು ಅಕ್ಷರ ಕಲಿಯುವ ಮೊದಲೇ ಇನ್ನೊಂದು ಪಾಠ ಕಲಿಯುತ್ತದೆ. ಗೇಟಿನ ಚಿಲಕ ತೆಗೆದ ಸದ್ದಿನಿಂದಲೇ ಅಪ್ಪ ಇಂದು ಹೇಗಿದ್ದಾನೆಂದು ಹೇಳಬಲ್ಲದು. ಸದ್ದು ಮೆದುವಾಗಿದ್ದರೆ ನಿಶ್ಚಿಂತೆ. ಜೋರಾಗಿದ್ದರೆ ತಮ್ಮನನ್ನು ಮಲಗಿಸಬೇಕು, ರೇಡಿಯೋ ಆರಿಸಬೇಕು, ಅಮ್ಮನಿಗೆ ಕಣ್ಸನ್ನೆ ಮಾಡಬೇಕು. ಆ ದಿನಗಳಲ್ಲಿ ಈ ಎಚ್ಚರ ರೋಗವಾಗಿರಲಿಲ್ಲ. ಅದು ಆ ಮಗುವಿನ ರಕ್ಷಾಕವಚವಾಗಿತ್ತು.

ನಮ್ಮ ಮಿದುಳಿನಲ್ಲಿ ಬಾದಾಮಿಯ ಆಕಾರದ ಒಂದು ಪುಟ್ಟ ಭಾಗವಿದೆ. ಅಪಾಯದ ಸುಳಿವು ಸಿಕ್ಕೊಡನೆ ಗಂಟೆ ಬಾರಿಸುವುದು ಅದರ ಕೆಲಸ. ಗಂಟೆ ಬಾರಿಸಿದೊಡನೆ ಅಡ್ರಿನಲಿನ್ ಎಂಬ ರಸದೂತ ರಕ್ತಕ್ಕೆ ಹರಿದು ಎದೆಬಡಿತ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ. ವರ್ಷಗಟ್ಟಲೆ ದಿನವೂ ಹೀಗೆ ನಡೆದರೆ ಗಂಟೆ ತೀರಾ ಸೂಕ್ಷ್ಮವಾಗುತ್ತದೆ. ಅದರಲ್ಲೂ ವಾಸನೆಯ ಸಂದೇಶ ಈ ಭಾಗಕ್ಕೂ ನೆನಪಿನ ಕೇಂದ್ರಕ್ಕೂ ಬಹು ಹತ್ತಿರದ ದಾರಿಯಲ್ಲಿ ತಲುಪುತ್ತದೆ. ಆದ್ದರಿಂದಲೇ ಬಸ್ಸಿನಲ್ಲಿ ಪಕ್ಕ ಕುಳಿತ ಅಪರಿಚಿತನ ಬಾಯಿಂದ ಬಂದ ವಾಸನೆ, ನಿಮ್ಮನ್ನು ಕ್ಷಣಾರ್ಧದಲ್ಲಿ ಮೂವತ್ತು ವರ್ಷ ಹಿಂದಿನ ಅಡುಗೆಮನೆಗೆ ಒಯ್ದುಬಿಡುತ್ತದೆ.

ಮನೋವೈದ್ಯರು ಇದನ್ನು ಅತಿಜಾಗರೂಕತೆ ಎನ್ನುತ್ತಾರೆ. ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ನಿಮಗೆ ಗೊತ್ತೇ ಇದೆ. ಒಮ್ಮೆ ಬಿಸಿ ಹಾಲಿಗೆ ಬಾಯಿ ಹಾಕಿ ಸುಟ್ಟುಕೊಂಡ ಬೆಕ್ಕು ಆಮೇಲೆ ಹಾಲು ಕಂಡರೆ ಓಡುತ್ತಿತ್ತು. ಬೆಕ್ಕಿನದು ತಪ್ಪೆನ್ನಲಾಗದು. ಆದರೆ ಆರಿದ ಹಾಲನ್ನೂ ಅದು ಕಳೆದುಕೊಂಡಿತಲ್ಲ!

ಸಂಸಾರದಲ್ಲಿ ಏನಾಗುತ್ತದೆ?

ಒಂದು ಉದಾಹರಣೆ ನೋಡೋಣ. ತಂದೆಯ ಕುಡಿತದಿಂದ ನೊಂದ ಹೆಣ್ಣುಮಗಳು ಸಾಧು ಸ್ವಭಾವದವನನ್ನು ಮದುವೆಯಾಗುತ್ತಾಳೆ. ಅವನು ವರ್ಷಕ್ಕೆರಡು ಬಾರಿ ಗೆಳೆಯರೊಡನೆ ಒಂದು ಲೋಟ ಬಿಯರ್ ಕುಡಿಯುವವನು. ಆ ರಾತ್ರಿ ಆಕೆಗೆ ನಿದ್ದೆ ಇಲ್ಲ. ಅಂಗಿ ಮೂಸಿ ನೋಡುತ್ತಾಳೆ, ಜೇಬು ತಡಕುತ್ತಾಳೆ. ಗಂಡ ಜಗಳಕ್ಕೆ ಹೆದರಿ ಸುಳ್ಳು ಹೇಳತೊಡಗುತ್ತಾನೆ. ಸುಳ್ಳು ಸಿಕ್ಕಿಬೀಳುತ್ತದೆ. 'ಅಪ್ಪನೂ ಹೀಗೇ ಸುಳ್ಳು ಹೇಳುತ್ತಿದ್ದ' ಎಂದು ಆಕೆಯ ಭಯ ಇಮ್ಮಡಿಯಾಗುತ್ತದೆ. ಇಬ್ಬರೂ ಕೆಟ್ಟವರಲ್ಲ, ಆದರೂ ಮನೆಯಲ್ಲಿ ಮಾತು ನಿಲ್ಲುತ್ತದೆ. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಅವರ ಎಂಟು ವರ್ಷದ ಮಗಳು ಸಂಜೆಯಾದೊಡನೆ ಅಮ್ಮನ ಮುಖ ನೋಡಿ 'ಇವತ್ತು ಮನೆ ಹೇಗಿರುತ್ತದೆ' ಎಂದು ಅಳೆಯತೊಡಗುತ್ತಾಳೆ. ಕುಡುಕನಿಲ್ಲದ ಮನೆಯಲ್ಲೂ ಕುಡಿತದ ಮನೆಯ ಪಾಠ ಮುಂದುವರಿಯುವುದು ಹೀಗೆ.

ಅನುಮಾನ ನಿಜವೂ ಇರಬಹುದು

ಹಾಗೆಂದು 'ಎಲ್ಲ ನಿನ್ನ ಭ್ರಮೆ' ಎನ್ನುವವರ ಮಾತನ್ನೂ ಪೂರ್ತಿ ನಂಬಬೇಡಿ. ಎಷ್ಟೋ ಸಲ ನಿಮ್ಮ ಕಣ್ಣಿಗೆ ಬಿದ್ದದ್ದು ಸತ್ಯವೇ ಆಗಿರುತ್ತದೆ. 'ದಿನಕ್ಕೊಂದು ಪೆಗ್ ಹೃದಯಕ್ಕೆ ಒಳ್ಳೆಯದು' ಎಂಬ ಹಳೆಯ ಮಾತಿಗೆ ಈಗ ಬೆಲೆಯಿಲ್ಲ. ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಆದರೂ ಅಪರೂಪಕ್ಕೆ ಕುಡಿಯುವುದು ಬೇರೆ, ವ್ಯಸನ ಬೇರೆ. ವ್ಯಸನದ ಗುರುತುಗಳು ಇವು:

* ಕುಡಿಯಲೇಬೇಕೆಂಬ ತಡೆಯಲಾರದ ತುಡಿತ.
* ಒಂದಕ್ಕೆ ನಿಲ್ಲಿಸುತ್ತೇನೆಂದು ಕುಳಿತು ನಿಲ್ಲಿಸಲಾಗದಿರುವುದು.
* ಮೊದಲಿನ ಅಮಲು ಬರಲು ದಿನೇ ದಿನೇ ಹೆಚ್ಚು ಬೇಕಾಗುವುದು.
* ಕುಡಿಯದಿದ್ದರೆ ಕೈ ನಡುಕ, ಬೆವರು, ನಿದ್ರಾಹೀನತೆ.
* ಕೆಲಸ, ಸಂಸಾರ, ಹವ್ಯಾಸಗಳೆಲ್ಲ ಹಿಂದೆ ಬೀಳುವುದು.
* ದೇಹ ಕೆಡುತ್ತಿದೆಯೆಂದು ತಿಳಿದೂ ಬಿಡದಿರುವುದು.

ಇವುಗಳಲ್ಲಿ ಹಲವು ಕಂಡರೆ ನಿಮ್ಮ ಭಯಕ್ಕೆ ಆಧಾರವಿದೆ. ವೈದ್ಯರನ್ನು ಕಾಣಬೇಕು. ಹಲವು ವರ್ಷ ವಿಪರೀತ ಕುಡಿದವರನ್ನು ಮನೆಯಲ್ಲೇ ಕೂಡಿಹಾಕಿ ಒಮ್ಮೆಲೇ ಬಿಡಿಸಲು ಹೋಗಬೇಡಿ. ಅಂಥವರಿಗೆ ಫಿಟ್ಸ್, ಸನ್ನಿ ಬಂದು ಪ್ರಾಣಕ್ಕೇ ಕುತ್ತಾಗಬಹುದು. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ತಾಳ್ಮೆಯ ಉಪದೇಶ ಬದಿಗಿರಲಿ, ಮೊದಲು ನಿಮ್ಮ ಮತ್ತು ಮಕ್ಕಳ ಸುರಕ್ಷತೆ ನೋಡಿಕೊಳ್ಳಿ. ತುರ್ತು ನೆರವಿಗೆ 112, ಮಹಿಳಾ ಸಹಾಯವಾಣಿಗೆ 181 ಇವೆ.

ನೀವೇನು ಮಾಡಬಹುದು?

1. ಎದೆ ಡವಗುಟ್ಟಿದಾಗ ನಿಮ್ಮನ್ನೇ ಕೇಳಿಕೊಳ್ಳಿ: 'ಈಗ ಇಲ್ಲಿ ಅಪಾಯವಿದೆಯೇ, ಅಥವಾ ಇದು ಅಂದಿನ ನೆನಪೇ?' ನಿಧಾನವಾಗಿ ಉಸಿರೆಳೆದು, ಅದಕ್ಕಿಂತ ನಿಧಾನವಾಗಿ ಹೊರಬಿಡಿ. ಹತ್ತು ಸಲ ಹೀಗೆ ಮಾಡಿದರೆ ಎದೆಬಡಿತ ಇಳಿಯುತ್ತದೆ.

2. ಮಾತಾಡಲು ರಾತ್ರಿಯನ್ನು ಆರಿಸಬೇಡಿ. ಮರುದಿನ ಬೆಳಿಗ್ಗೆ, ಮನಸ್ಸು ತಿಳಿಯಾಗಿರುವಾಗ ಹೇಳಿ. 'ನೀವು ಕುಡುಕರು' ಎನ್ನುವ ಬದಲು 'ಆ ವಾಸನೆ ಬಂದರೆ ನನಗೆ ಚಿಕ್ಕಂದಿನ ದಿನಗಳು ನೆನಪಾಗಿ ಭಯವಾಗುತ್ತದೆ' ಎನ್ನಿ. ಕೇಳುವ ಗಂಡನೂ ಇದನ್ನು ಆಪಾದನೆಯೆಂದು ತಿಳಿಯದೆ, ನಿಜ ಹೇಳುವ ಧೈರ್ಯ ಮಾಡಬೇಕು.

3. ಜೇಬು ತಡಕುವುದು, ಬಾಟಲಿಗೆ ಗೆರೆ ಹಾಕಿಡುವುದು ಬಿಡಿ. ನೀವು ಎಣಿಸಿದ ಮಾತ್ರಕ್ಕೆ ಯಾರ ಕುಡಿತವೂ ನಿಂತಿಲ್ಲ. ಹೋಗುವುದು ನಿಮ್ಮ ನಿದ್ದೆ ಮಾತ್ರ.

4. ಸಹಿಸಲಾಗದ ಕೂಟದಿಂದ ಬೇಗ ಎದ್ದು ಬರುವುದು ಅವಮರ್ಯಾದೆಯಲ್ಲ. ಮರಳುವ ವ್ಯವಸ್ಥೆಯನ್ನು ಮೊದಲೇ ಮಾಡಿಕೊಳ್ಳಿ.

5. ಮಕ್ಕಳಿಗೆ ವಯಸ್ಸಿಗೆ ತಕ್ಕಂತೆ ನಿಜ ಹೇಳಿ. ಅಜ್ಜನ ಕುಡಿತ ಮೊಮ್ಮಗನಿಗೆ ಬಂದೇ ಬರುತ್ತದೆಂದು ಹೆದರಿಸಬೇಡಿ. ವ್ಯಸನದಲ್ಲಿ ವಂಶದ ಪಾಲೂ ಇದೆ, ಅಂಥ ಮನೆತನದವರಿಗೆ ಅಪಾಯ ಹೆಚ್ಚು ಎಂಬುದು ನಿಜ. ಆದರೆ ಅದು ಹಣೆಬರಹವಲ್ಲ. ಮದ್ಯ ಮುಟ್ಟದಿರುವುದು ಅಂಥವರಿಗೆ ಎಲ್ಲಕ್ಕಿಂತ ಕ್ಷೇಮ ಎಂದಷ್ಟು ತಿಳಿಸಿದರೆ ಸಾಕು.

ನೀವೊಬ್ಬರೇ ಅಲ್ಲ

ಕುಡಿತ ಬಿಡಬಯಸುವವರಿಗಾಗಿ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕೂಟ 1935ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ಗಂಡ ಕುಡಿತ ಬಿಟ್ಟ ಮೇಲೂ ತಮ್ಮ ಮನಸ್ಸಿನ ಗಾಯ ಮಾಯಲಿಲ್ಲವೆಂದು ಅದರ ಸ್ಥಾಪಕರಲ್ಲೊಬ್ಬರ ಪತ್ನಿ ಲೋಯಿಸ್ ವಿಲ್ಸನ್ ಕಂಡುಕೊಂಡರು. ಮನೆಯವರಿಗಾಗಿಯೇ ಅಲ್-ಅನಾನ್ ಎಂಬ ಕೂಟವನ್ನು ಅವರು 1951ರಲ್ಲಿ ಗೆಳತಿಯೊಡನೆ ಆರಂಭಿಸಿದರು. ಈ ಎರಡೂ ಕೂಟಗಳು ನಮ್ಮ ದೇಶದಲ್ಲೂ ಇವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ವಿಭಾಗವಿದೆ. ಊರು ದೂರವಾದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆಗೆ ಹಣವಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಕುಡಿಯುವವರೇ ಕರೆ ಮಾಡಬೇಕೆಂದಿಲ್ಲ, ಅವರ ಜೊತೆ ಬಾಳಿ ಬಳಲಿದವರೂ ಮಾಡಬಹುದು.

ನಿದ್ದೆ ಬಾರದಿದ್ದರೆ, ಕೆಟ್ಟ ಕನಸುಗಳು ಕಾಡಿದರೆ, ಸಣ್ಣ ಸದ್ದಿಗೂ ಬೆಚ್ಚಿಬಿದ್ದರೆ ವೈದ್ಯರ ನೆರವು ಪಡೆಯಲು ಸಂಕೋಚ ಬೇಡ. ಇದಕ್ಕೆ ಆಪ್ತ ಸಲಹೆಯಿದೆ, ಅಗತ್ಯವಿದ್ದರೆ ಔಷಧವೂ ಇದೆ. ಚಿಕ್ಕಂದಿನಲ್ಲಿ ನಿಮ್ಮನ್ನು ಕಾಪಾಡಿದ ಎಚ್ಚರವನ್ನು ದೂಷಿಸಬೇಡಿ. ಆದರೆ ಅದಕ್ಕೆ ಈಗ ಇಪ್ಪತ್ನಾಲ್ಕು ಗಂಟೆಯ ಕಾವಲು ಬೇಕಿಲ್ಲವೆಂದು ನಿಧಾನವಾಗಿ ಕಲಿಸಿ. ಗೇಟಿನ ಚಿಲಕದ ಸದ್ದು ಬರೀ ಚಿಲಕದ ಸದ್ದಾಗಿ ಕೇಳಿಸುವ ದಿನ ಬಂದೇ ಬರುತ್ತದೆ.