ಬಾಡಿಗೆ ಹಳಿಯ ಮೇಲೆ 69 ಕಿಲೋಮೀಟರ್

ಕಂಪ್ಯೂಟರಿನಲ್ಲಿ ರೈಲು ಓಡಿಸುವ ಹವ್ಯಾಸಿಗಳನ್ನು ಕೆನಡಾದ ಯಾವ ಮಾರ್ಗ ಬೇಕು ಎಂದು ಕೇಳಿ ನೋಡಿ. ಹೆಚ್ಚಿನವರು ರಾಕಿ ಪರ್ವತಗಳ ಕಡೆ ಕೈ ತೋರಿಸುತ್ತಾರೆ. ಹಿಮ, ಕಣಿವೆ, ಬೆಟ್ಟದೊಳಗೇ ಸುತ್ತು ಹಾಕುವ ಸುರಂಗ, ಆಸೆ ಸಹಜವೇ. 2001ರ ಮೈಕ್ರೋಸಾಫ್ಟ್ ಟ್ರೈನ್ ಸಿಮ್ಯುಲೇಟರಿನ ಆರು ಮಾರ್ಗಗಳಲ್ಲಿ ಕೆನಡಾದ್ದು ಒಂದೂ ಇರಲಿಲ್ಲ. ಆಮೇಲೆ ಟ್ರೈನ್ ಸಿಮ್ ವರ್ಲ್ಡ್‌ಗೆ ಒಂಟಾರಿಯೊ ಪ್ರಾಂತ್ಯದ, ಟೊರಾಂಟೊ ಬಳಿಯ ಹ್ಯಾಮಿಲ್ಟನ್–ಓಕ್‌ವಿಲ್ ಬಂತು. ನನ್ನನ್ನು ಕೇಳಿದರೆ ನಾನು ಬೆಟ್ಟವನ್ನೂ ಕೇಳುವುದಿಲ್ಲ, ಟೊರಾಂಟೊವನ್ನೂ ಕೇಳುವುದಿಲ್ಲ. ಪಶ್ಚಿಮ ಕರಾವಳಿಯ ವ್ಯಾಂಕೂವರ್‌ನಿಂದ ಮಿಷನ್ ಪಟ್ಟಣಕ್ಕೆ ಹೋಗುವ ವೆಸ್ಟ್ ಕೋಸ್ಟ್ ಎಕ್ಸ್‌ಪ್ರೆಸ್‌ನ ದಾರಿ ಕೇಳುತ್ತೇನೆ.

ಹೆಸರಿನಲ್ಲಿ ಎಕ್ಸ್‌ಪ್ರೆಸ್ ಇದ್ದರೂ ಇದು ಕಚೇರಿಗೆ ಹೋಗುವವರ ಗಾಡಿ. ಸುಮಾರು 69 ಕಿಲೋಮೀಟರ್, ಎಂಟು ನಿಲ್ದಾಣ, ಒಂದೂಕಾಲು ಗಂಟೆಯ ಪಯಣ. 1995ರ ನವೆಂಬರ್ 1ರಂದು ಶುರುವಾಯಿತು. ವಾರದ ಐದು ದಿನ ಬೆಳಗ್ಗೆ ಊರುಗಳಿಂದ ನಗರಕ್ಕೆ, ಸಂಜೆ ನಗರದಿಂದ ಊರುಗಳಿಗೆ. ಪೂರ್ತಿ ವೇಳಾಪಟ್ಟಿ ಎಂದರೆ ಹೊತ್ತಿಗೆ ಐದು ಗಾಡಿ, ಅಷ್ಟೇ. ನಡುಹಗಲು, ರಾತ್ರಿ, ಶನಿವಾರ, ಭಾನುವಾರ ಈ ಹಳಿಯ ಮೇಲೆ ಆ ಗಾಡಿಗಳ ಸುಳಿವಿಲ್ಲ.

ಏಕೆಂದರೆ ಹಳಿ ಈ ಗಾಡಿ ಓಡಿಸುವವರದಲ್ಲ. ಅದು ಕೆನಡಿಯನ್ ಪೆಸಿಫಿಕ್ (ಸಿಪಿ) ಕಂಪನಿಯದು. 2023ರ ಏಪ್ರಿಲ್‌ನಲ್ಲಿ ಕಾನ್ಸಾಸ್ ಸಿಟಿ ಸದರ್ನ್ ಜೊತೆ ಸೇರಿದ ಮೇಲೆ ಸಿಪಿಕೆಸಿ. ನಮ್ಮಲ್ಲಿ ಗೂಡ್ಸ್ ಗಾಡಿಯನ್ನು ಲೂಪಿಗೆ ಹಾಕಿ ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡುತ್ತಾರೆ. ಗೂಡ್ಸಿನ ಚಾಲಕ ಚಹಾ ಕುಡಿದು ಮುಗಿಸಿದರೂ ಸಿಗ್ನಲ್ ಬೀಳುವುದಿಲ್ಲ. ಅಲ್ಲಿ ಮನೆ ಯಜಮಾನನೇ ಗೂಡ್ಸ್. ಪ್ರಯಾಣಿಕರ ಗಾಡಿ ದುಡ್ಡು ಕೊಟ್ಟು ಕೊಂಡ ಹೊತ್ತಿನಲ್ಲಿ ಬಂದು ಹೋಗುವ ಬಾಡಿಗೆದಾರ. 2024ರ ಆಗಸ್ಟ್ 22ರಂದು ಕೆನಡಾದ ಎರಡು ದೊಡ್ಡ ರೈಲು ಕಂಪನಿಗಳು ಕಾರ್ಮಿಕರ ಜೊತೆಗಿನ ವಿವಾದದಲ್ಲಿ ಬೀಗಮುದ್ರೆ ಹಾಕಿದಾಗ ಇದು ಎಲ್ಲರ ಕಣ್ಣಿಗೂ ಬಿತ್ತು. ವೆಸ್ಟ್ ಕೋಸ್ಟ್ ಎಕ್ಸ್‌ಪ್ರೆಸ್‌ನದು ಬೇರೆ ಆಡಳಿತ, ಅದು ಟ್ರಾನ್ಸ್‌ಲಿಂಕ್ ಎಂಬ ಸಾರಿಗೆ ಸಂಸ್ಥೆಯ ಗಾಡಿ. ಆದರೂ ಹಳಿಯ ಮೇಲೆ ಯಾವ ಗಾಡಿ ಎಲ್ಲಿರಬೇಕೆಂದು ಹೇಳುವ ನಿಯಂತ್ರಕರು ಸಿಪಿಕೆಸಿಯವರು. ಅವರಿಲ್ಲದೆ ಗಾಡಿ ಹೊರಡಲಿಲ್ಲ, ಸಾವಿರಾರು ಜನ ಬಸ್ಸು ಹಿಡಿದರು. ಸಿಮ್ಯುಲೇಟರಿಗೆ ಬೇಕಾದ ಆಟ ಇರುವುದು ಈ ಯಜಮಾನ–ಬಾಡಿಗೆದಾರ ಸಂಬಂಧದಲ್ಲೇ. ನಿಗದಿತ ಹೊತ್ತಿನೊಳಗೆ ಗಾಡಿ ದಾಟಿಸಬೇಕು. ಎದುರಿಗೆ ಎರಡು ಮೂರು ಕಿಲೋಮೀಟರ್ ಉದ್ದದ ಧಾನ್ಯದ ರೇಕ್ ಬರುತ್ತಿರಬೇಕು.

ಪಯಣ ಶುರುವಾಗುವುದು ವಾಟರ್‌ಫ್ರಂಟ್ ನಿಲ್ದಾಣದಲ್ಲಿ. ಎತ್ತರದ ಕಂಬಗಳ ಸಾಲು ಹೊತ್ತ ಈ ಕೆಂಪು ಇಟ್ಟಿಗೆಯ ಕಟ್ಟಡ 1914ರದು, ಸಿಪಿ ಕಂಪನಿಯ ಪೆಸಿಫಿಕ್ ತುದಿಯ ನಿಲ್ದಾಣವಾಗಿ ಕಟ್ಟಿದ್ದು. ಈಗ ನಗರದ ಮೆಟ್ರೊ ಸ್ಕೈಟ್ರೈನ್, ಆಚೆ ದಡಕ್ಕೆ ಹೋಗುವ ಸೀಬಸ್ ದೋಣಿ, ಮಿಷನ್ ಗಾಡಿ ಎಲ್ಲ ಇಲ್ಲೇ ಕೂಡುತ್ತವೆ. ಭಾರತೀಯ ಓದುಗರು ಎದುರಿನ ನೀರನ್ನೂ ಒಮ್ಮೆ ನೋಡಬೇಕು. ಅದೇ 1914ರ ಮೇ ತಿಂಗಳಲ್ಲಿ ಕೊಮಗಾಟ ಮಾರು ಹಡಗು 376 ಮಂದಿಯನ್ನು ಹೊತ್ತು ಬಂದು ಈ ಬರಾರ್ಡ್ ಇನ್‌ಲೆಟ್‌ನಲ್ಲೇ ಲಂಗರು ಹಾಕಿತ್ತು. ಅವರಲ್ಲಿ ಬಹುಪಾಲು ಪಂಜಾಬಿ ಸಿಖ್ಖರು. ಎರಡು ತಿಂಗಳು ನೀರಿನಲ್ಲೇ ನಿಲ್ಲಿಸಿ, ಕೆಲವೇ ಮಂದಿಯನ್ನು ಇಳಿಸಿಕೊಂಡು, ಹಡಗನ್ನು ವಾಪಸು ಅಟ್ಟಿದರು. ಕೆನಡಾದ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2016ರಲ್ಲಿ.

ನಿಲ್ದಾಣ ಬಿಟ್ಟ ಕೂಡಲೇ ಬಂದರು ಎದುರಾಗುತ್ತದೆ. ಕಂಟೇನರ್ ಕ್ರೇನುಗಳು, ಹಳೆಯ ಸಕ್ಕರೆ ಕಾರ್ಖಾನೆ, ಕೆನಡಾದ ಬಯಲುಸೀಮೆಯ ಗೋಧಿ ತುಂಬಿಡುವ ಕಾಂಕ್ರೀಟ್ ಕಣಜಗಳು. ಸಸ್ಕ್ಯಾಚೆವಾನ್ ಪ್ರಾಂತ್ಯದಿಂದ ಭಾರತಕ್ಕೆ ಬರುವ ಮಸೂರ ಬೇಳೆ, ಹಳದಿ ಬಟಾಣಿ ಕಡಲಿಗಿಳಿಯುವ ಮುಖ್ಯ ದಾರಿ ಈ ಬಂದರೇ. ಮುಂದೆ ಇನ್‌ಲೆಟ್ ಕಿರಿದಾಗುವಲ್ಲಿ ತಲೆಯ ಮೇಲೆ ಹೆದ್ದಾರಿ ಸೇತುವೆ. 1958ರ ಜೂನ್‌ನಲ್ಲಿ ಕಟ್ಟುತ್ತಿದ್ದಾಗಲೇ ಇದು ಕುಸಿದು, ಆ ದಿನ 18 ಕೆಲಸಗಾರರು ಸತ್ತರು. ಈಗ ಅವರ ನೆನಪಿಗೆ ಐರನ್‌ವರ್ಕರ್ಸ್ ಮೆಮೋರಿಯಲ್ ಎಂಬ ಹೆಸರು. ಪಕ್ಕದಲ್ಲೇ ಹಡಗು ಬಂದಾಗ ನಡುಭಾಗವನ್ನು ಮೇಲಕ್ಕೆತ್ತುವ ರೈಲು ಸೇತುವೆ ಇದೆ; ಅದು ಇನ್ನೊಂದು ದೊಡ್ಡ ರೈಲು ಕಂಪನಿ ಸಿಎನ್‌ನದು.

ಇಲ್ಲಿಂದ ಪೋರ್ಟ್ ಮೂಡಿಯವರೆಗಿನ ಹಾದಿಯೇ ಇಡೀ ಮಾರ್ಗದ ಜೀವ. ಬಲಕ್ಕೆ ಬರ್ನಬಿ ಬೆಟ್ಟದ ಇಳಿಜಾರು, ಎಡಕ್ಕೆ ಕೈಗೆಟುಕುವಷ್ಟು ಹತ್ತಿರ ನೀರು, ನಡುವೆ ತಿರುವಿನ ಮೇಲೆ ತಿರುವು. ತೈಲ ಸಂಸ್ಕರಣಾಗಾರ, ಹಡಗಿಗೆ ಕಚ್ಚಾತೈಲ ತುಂಬುವ ವೆಸ್ಟ್‌ರಿಜ್ ಧಕ್ಕೆ, ಬಾರ್ನೆಟ್ ದಡದಲ್ಲಿ ಮುಚ್ಚಿಹೋದ ಮರದ ಮಿಲ್ಲಿನ ಅವಶೇಷ. ಆಮೇಲೆ ಥಟ್ಟನೆ ನೀರಿನಂಚಿನಲ್ಲಿ ಹಳದಿ ಗುಡ್ಡ. ಆಲ್ಬರ್ಟಾದ ನೈಸರ್ಗಿಕ ಅನಿಲದಿಂದ ಬೇರ್ಪಡಿಸಿದ ಗಂಧಕ ಅದು, ಪೆಸಿಫಿಕ್ ಕೋಸ್ಟ್ ಟರ್ಮಿನಲ್ಸ್‌ನಲ್ಲಿ ಹಡಗಿಗಾಗಿ ಕಾದಿರುತ್ತದೆ. 2017ರಿಂದ ಅದೇ ಜಾಗದಲ್ಲಿ ಪೊಟ್ಯಾಷ್ ಕೂಡ ಹಡಗು ಏರುತ್ತಿದೆ. ನಮ್ಮ ರೈತರು ಎಂಒಪಿ ಎಂದು ಕೊಳ್ಳುವ ಈ ಗೊಬ್ಬರ ಪೂರ್ತಿ ಆಮದಿನದು, ಕೆನಡಾ ಅದನ್ನು ಕಳಿಸುವ ದೇಶಗಳಲ್ಲೊಂದು.

ಪೋರ್ಟ್ ಮೂಡಿಗೆ ಒಂದು ಕಹಿ ಕಥೆ ಇದೆ. ದೇಶದ ಎರಡು ತೀರಗಳನ್ನು ಬೆಸೆಯುವ ರೈಲು ಇಲ್ಲೇ ಕೊನೆಯಾಗುತ್ತದೆ ಎಂದು ನಂಬಿ ಜನ ಸೈಟು ಕೊಂಡರು, ಬೆಲೆ ಏರಿತು. 1886ರ ಜುಲೈ 4ರಂದು ಪೂರ್ವದಿಂದ ಮೊದಲ ಪ್ರಯಾಣಿಕರ ಗಾಡಿ ಬಂತು ಕೂಡ. ಆದರೆ ಪ್ರಾಂತ್ಯ ಸರ್ಕಾರದಿಂದ ಸಾವಿರಾರು ಎಕರೆ ಭೂಮಿ ಪಡೆದ ಕಂಪನಿ ಹಳಿಯನ್ನು ಇನ್ನೂ ಪಶ್ಚಿಮಕ್ಕೆ ಎಳೆಯಿತು. 1887ರ ಮೇ 23ರಂದು 374ನೇ ನಂಬರಿನ ಎಂಜಿನ್ ವ್ಯಾಂಕೂವರ್ ತಲುಪಿದಾಗ ಪೋರ್ಟ್ ಮೂಡಿಯ ಸೈಟುಗಳು ನೆಲಕಚ್ಚಿದವು. ಆ ಎಂಜಿನ್ ಇಂದಿಗೂ ವ್ಯಾಂಕೂವರಿನ ಯೇಲ್‌ಟೌನ್‌ನಲ್ಲಿ ನೋಡಸಿಗುತ್ತದೆ. ಪೋರ್ಟ್ ಮೂಡಿಯಿಂದ ಪೂರ್ವದ ಹಳಿಯನ್ನು ಹಾಕಿಸಿದ ಗುತ್ತಿಗೆದಾರ ಆಂಡ್ರ್ಯೂ ಆಂಡರ್‌ಡಾಂಕ್. ಬೆವರು, ಹಲವೆಡೆ ಪ್ರಾಣ, ಚೀನೀ ಕೂಲಿಗಳದು. ವ್ಯಾಂಕೂವರ್ ಇರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಕಾಮಗಾರಿಗೆ ಅವರು ಸುಮಾರು 15,000 ಮಂದಿ ಬಂದಿದ್ದರು. ಹಳಿ ಮುಗಿದ 1885ರಲ್ಲೇ ಕೆನಡಾ ಚೀನೀಯರ ಮೇಲೆ ತಲೆಗೆ 50 ಡಾಲರ್ ತೆರಿಗೆ ಹೇರಿತು.

ಪೋರ್ಟ್ ಕೊಕ್ವಿಟ್ಲಮ್‌ನಲ್ಲಿ ಸಿಪಿಯ ದೊಡ್ಡ ಯಾರ್ಡ್. ರೇಕು ಒಡೆಯುವುದು, ಜೋಡಿಸುವುದು, ಎಂಜಿನ್ ಬದಲಿಸುವುದು ಎಲ್ಲ ಇಲ್ಲೇ. ಪ್ರಯಾಣಿಕರ ಗಾಡಿ ಮುಟ್ಟದೆ ಬರೀ ಶಂಟಿಂಗ್ ಮಾಡುತ್ತ ಸಂಜೆ ಕಳೆಯುವವರಿಗೆ ಈ ಒಂದು ಯಾರ್ಡ್ ಸಾಕು. ದಾಟಿದರೆ ಪಿಟ್ ನದಿ. ದೋಣಿಗೆ ದಾರಿ ಬಿಡಲು ಅಡ್ಡಕ್ಕೆ ತಿರುಗಿ ನಿಲ್ಲುವ ಸೇತುವೆ. ಪಿಟ್ ಮೆಡೋಸ್‌ನ ಹ್ಯಾರಿಸ್ ರಸ್ತೆಯ ಲೆವೆಲ್ ಕ್ರಾಸಿಂಗಿನಲ್ಲಿ ಗೂಡ್ಸ್ ಹಾಯುವವರೆಗೆ ಊರೇ ಗೇಟಿನ ಮುಂದೆ ಕಾಯುತ್ತದೆ. ಕೆನಡಾದ ನಿಯಮದಂತೆ ಕ್ರಾಸಿಂಗಿಗೆ ಎರಡು ಉದ್ದ, ಒಂದು ಗಿಡ್ಡ, ಮತ್ತೊಂದು ಉದ್ದ ಹಾರ್ನ್. ಆಟಗಾರರು ಮೊದಲ ದಿನವೇ ಇದನ್ನು ಕಲಿತುಬಿಡುತ್ತಾರೆ. ಸಿಗ್ನಲ್ ಮಾತ್ರ ಅಷ್ಟು ಸುಲಭಕ್ಕೆ ಒಲಿಯುವುದಿಲ್ಲ. ನಮ್ಮ ಡಬಲ್ ಯೆಲ್ಲೋ ನೋಡಿ ಪಳಗಿದವರಿಗೆ, ಒಂದೇ ಕಂಬದ ಮೇಲೆ ಒಂದರಡಿ ಒಂದು ದೀಪದ ತಲೆ ಇದ್ದು ಎಲ್ಲವನ್ನೂ ಕೂಡಿಸಿ ಓದಿ ವೇಗ ತಿಳಿಯುವ ಪದ್ಧತಿ ಕೆಲವು ದಿನ ತಲೆ ತಿನ್ನುತ್ತದೆ.

ಪೋರ್ಟ್ ಹೇನಿಯಾಚೆ ಫ್ರೇಸರ್ ನದಿ ಜೊತೆಗೂಡುತ್ತದೆ. ಮಿಷನ್‌ವರೆಗೆ ನಡುವೆ ನಿಲ್ದಾಣವೇ ಇಲ್ಲ. ಈ ದಡದ ಹಣ್ಣಿನ ತೋಟಗಳಲ್ಲಿ ಜಪಾನಿ ಮೂಲದ ಕುಟುಂಬಗಳು ಸ್ಟ್ರಾಬೆರಿ ಬೆಳೆಯುತ್ತಿದ್ದವು. 1942ರಲ್ಲಿ ಸರ್ಕಾರ ಅವರನ್ನು ಎಬ್ಬಿಸಿ ಒಳನಾಡಿಗೆ ಕಳಿಸಿತು, ಆಸ್ತಿಯನ್ನೂ ಮಾರಿಬಿಟ್ಟಿತು. ಮಿಷನ್‌ಗೆ ತುಸು ಮೊದಲು ಸಿಲ್ವರ್‌ಡೇಲ್: 1904ರ ಸೆಪ್ಟೆಂಬರಿನಲ್ಲಿ ಬಿಲ್ ಮೈನರ್ ಎಂಬಾತ ಇಲ್ಲಿ ಸಿಪಿ ಗಾಡಿಯನ್ನು ದೋಚಿದ. ಮಿಷನ್‌ನಲ್ಲಿ ಇನ್ನೊಂದು ತಿರುಗು ಸೇತುವೆ ಫ್ರೇಸರ್ ದಾಟಿ ಸಿಎನ್ ಹಳಿಗೆ ಕೊಂಡಿ ಹಾಕುತ್ತದೆ. ಮುಂದಿನ ಕಣಿವೆಯಲ್ಲಿ ಎರಡೂ ಕಂಪನಿಗಳು ಒಪ್ಪಂದ ಮಾಡಿಕೊಂಡಿವೆ: ಪಶ್ಚಿಮಕ್ಕೆ ಬರುವ ಗಾಡಿ ಸಿಎನ್ ಹಳಿಯಲ್ಲಿ, ಪೂರ್ವಕ್ಕೆ ಹೋಗುವುದು ಸಿಪಿ ಹಳಿಯಲ್ಲಿ. 2021ರ ನವೆಂಬರಿನ ಮಹಾಮಳೆಗೆ ಆ ಎರಡೂ ಕೊಚ್ಚಿಹೋಗಿ ವ್ಯಾಂಕೂವರ್ ಬಂದರಿಗೆ ಒಂದು ವಾರಕ್ಕೂ ಹೆಚ್ಚು ಕಾಲ ಒಳನಾಡಿನ ರೈಲು ನಂಟೇ ಇರಲಿಲ್ಲ. ಯಾರ್ಡ್ ತುಂಬಿ ನಿಂತ ಆ ವಾರವನ್ನು ಆಟದ ಒಂದು ಸನ್ನಿವೇಶವಾಗಿ ಕಟ್ಟಬಹುದು.

ಗಾಡಿಯ ವಿಷಯಕ್ಕೆ ಬಂದರೆ ಕೆಲಸ ಹಗುರ. ಜನರಲ್ ಮೋಟಾರ್ಸ್ ತಯಾರಿಯ 3,000 ಅಶ್ವಶಕ್ತಿಯ ಎಫ್59ಪಿಎಚ್‌ಐ ಎಂಜಿನ್, ಹಿಂದೆ ಎರಡಂತಸ್ತಿನ ಬೋಗಿಗಳು. ಈ ಬೋಗಿಗಳ ವಿನ್ಯಾಸ 1970ರ ದಶಕದಲ್ಲಿ ಟೊರಾಂಟೊದ ಗೋ ಟ್ರಾನ್ಸಿಟ್‌ಗೆಂದು ಹುಟ್ಟಿದ್ದು. ಒಮ್ಮೆ ಮಾಡಿಟ್ಟರೆ ಇನ್ನೆಷ್ಟೋ ಮಾರ್ಗಗಳಿಗೆ ಬರುತ್ತದೆ. ಗಾಡಿಯ ಇನ್ನೊಂದು ತುದಿಯ ಬೋಗಿಯಲ್ಲೂ ಚಾಲಕನ ಕೋಣೆ ಇರುವುದರಿಂದ ಎಂಜಿನ್ ತಿರುಗಿಸುವ ಗೋಜಿಲ್ಲ.

ಆಕ್ಷೇಪ ಬರುವುದು ಖಂಡಿತ. ಏರಿಲ್ಲ, ಇಳಿಜಾರಿಲ್ಲ, ನದಿಯ ಮಟ್ಟದಲ್ಲೇ ಓಡುವ ದಾರಿ, ದಿನಕ್ಕೆ ಹತ್ತೇ ಪ್ರಯಾಣಿಕರ ಗಾಡಿ. ನಿಜವೇ. ಆದರೆ ಡಿಸೆಂಬರಿನಲ್ಲಿ ಬೆಳಗಿನ ಗಾಡಿ ಮಿಷನ್ ಬಿಡುವಾಗ ಕತ್ತಲು, ಬಹುಪಾಲು ಮಳೆ. ಸಂಜೆ ವಾಪಸು ಹೊರಡುವಷ್ಟರಲ್ಲಿ ಮತ್ತೆ ಕತ್ತಲು. ಒದ್ದೆ ಹಳಿಯ ಮೇಲೆ ಎರಡಂತಸ್ತಿನ ಬೋಗಿಗಳ ಸಾಲನ್ನು ಪ್ಲಾಟ್‌ಫಾರಂಗೆ ಸರಿಯಾಗಿ ನಿಲ್ಲಿಸುವುದು ಬೆಟ್ಟ ಹತ್ತಿಸುವುದಕ್ಕಿಂತ ಸುಲಭವೇನಲ್ಲ.

ಕಟ್ಟುವವರಿಗೆ ನನ್ನ ಸಲಹೆ ಇಷ್ಟು. 69 ಕಿಲೋಮೀಟರನ್ನೂ ಒಟ್ಟಿಗೆ ಹಿಡಿಯಬೇಡಿ. ಮೊದಲು ವಾಟರ್‌ಫ್ರಂಟ್‌ನಿಂದ ಪೋರ್ಟ್ ಕೊಕ್ವಿಟ್ಲಮ್‌ವರೆಗೆ ಮುಗಿಸಿ, ಮಿಷನ್‌ವರೆಗಿನದನ್ನು ಎರಡನೇ ಕಂತಿಗೆ ಇಡಿ. ಗಿಡಮರ, ಮನೆಗಳಲ್ಲಿ ಕೈ ಬಿಗಿಹಿಡಿದರೂ ನಡೆದೀತು. ಯಾರ್ಡನ್ನೂ ಗೂಡ್ಸ್ ವೇಳಾಪಟ್ಟಿಯನ್ನೂ ಬಿಟ್ಟು ಬರೀ ಪ್ರಯಾಣಿಕರ ಗಾಡಿ ಕೊಡುವುದಾದರೆ ಮಾತ್ರ ಈ ಮಾರ್ಗದ ತಂಟೆಗೆ ಬರದಿರುವುದೇ ಮೇಲು.