ಕೆರೆಯ ಕಳೆ ಮತ್ತು ಪಂಪಿನ ಬಾಯಿ

ಹಾಸನ ಸೀಮೆಯ ಕೆರೆಯೇರಿಗಳ ಮೇಲೆ ಮುಂಜಾನೆ ನಡೆದುಹೋಗುವವರಿಗೆ, ನೀರಿನ ಮೇಲೆ ಹಾಸಿದ ಹಸುರು ಚಾಪೆಯೂ ಅದರ ನಡುವೆ ಅರಳಿದ ತಿಳಿನೇರಿಳೆ ಹೂಗಳೂ ಕಣ್ಣಿಗೆ ಹಬ್ಬವಾಗಿ ತೋರುವುದುಂಟು. ಆ ಚೆಲುವನ್ನು ಹೊಗಳುವವರು ದಾರಿಹೋಕರು ಮಾತ್ರ. ಅದೇ ನೀರನ್ನು ಪಂಪಿನಿಂದೆತ್ತಿ ಗದ್ದೆಗೆ ಹಾಯಿಸುವ ಬೇಸಾಯಗಾರನು ಅದನ್ನು ಹೊಗಳಿದುದನ್ನು ನಾವು ಇದುವರೆಗೆ ಕೇಳಿಲ್ಲ.

ಅಂತರಗಂಗೆಯೆಂದು ಹಲವರು ಕರೆಯುವ ಈ ಗಿಡವು ನಮ್ಮ ನಾಡಿನದಲ್ಲ. ಇದರ ತವರು ದಕ್ಷಿಣ ಅಮೆರಿಕ. ಹತ್ತೊಂಬತ್ತನೆಯ ಶತಮಾನದ ಕಡೆಯಲ್ಲಿ ಹೂವಿನ ಅಂದಕ್ಕಾಗಿ ಬಂಗಾಳಕ್ಕೆ ತಂದವರು, ಅದು ಹೀಗೆ ನಾಡೆಲ್ಲ ಹರಡುವುದೆಂದು ಎಣಿಸಿರಲಾರರು. ಅನುಕೂಲವೊದಗಿದರೆ ಸುಮಾರು ಎರಡು ವಾರಗಳಲ್ಲಿ ಇಮ್ಮಡಿಯಾಗುತ್ತದೆ. ಊರ ಬಚ್ಚಲ ನೀರು ಕೆರೆಗೆ ಸೇರಿದಷ್ಟೂ ಅದಕ್ಕೆ ಗೊಬ್ಬರವೇ. ಇದರೊಡನೆ ಪಾಚಿ, ಜಂಬು, ನೀರೊಳಗಿನ ನಾರುಕಳೆಗಳು ಬೇರೆ.

ಹೊಳೆನರಸೀಪುರದ ಕಡೆ ಹೇಮಾವತಿಯೂ, ಅರಕಲಗೂಡು ತಾಲ್ಲೂಕಿನ ಕೊಣನೂರು ರಾಮನಾಥಪುರಗಳಲ್ಲಿ ಕಾವೇರಿಯೂ ಹರಿಯುತ್ತವೆ. ಚನ್ನರಾಯಪಟ್ಟಣದ ಕಡೆಯವರಿಗೆ ಕೆರೆಗಳ ಆಸರೆ ಹೆಚ್ಚು. ಎಲ್ಲಿಯಾದರೂ ದಡದಲ್ಲಿ ಡೀಸೆಲ್ ಎಂಜಿನ್ನನ್ನಿಟ್ಟು ನೀರೆತ್ತುವವರ ಸಂಕಟ ಒಂದೇ. ಕೊಳವೆಯ ತುದಿಯಲ್ಲಿ ನೀರಿನೊಳಗೆ ಫುಟ್‌ವಾಲ್ವ್ ಇರುತ್ತದೆ. ಕೆಲವರ ಬಾಯಲ್ಲಿ ಇದು ‘ಪುಟ್‌ಬಾಲು’. ಅದರ ತೂತುಗಳಿಗೆ ಕಳೆ ಮೆತ್ತಿಕೊಂಡರೆ ಗದ್ದೆಗೆ ನೀರು ನಿಲ್ಲುವುದು. ಇದು ಎಲ್ಲರಿಗೂ ತಿಳಿದ ನಷ್ಟ. ತಿಳಿಯದ ನಷ್ಟವು ಬೇರೊಂದುಂಟು. ನೀರಿನಿಂದ ತಣಿಯುವ ಎಂಜಿನ್ನಿಗೆ ಪಂಪೆತ್ತಿದ ನೀರಿನಲ್ಲೇ ಒಂದು ಪಾಲನ್ನು ಸಣ್ಣ ಕೊಳವೆಯಿಂದ ಸಿಲಿಂಡರಿನ ಸುತ್ತ ಹಾಯಿಸಿರುತ್ತಾರೆ. ಪಂಪಿನ ಬಾಯಿ ಕಟ್ಟಿದೊಡನೆ ಎಂಜಿನ್ನಿನ ತಂಪೂ ಕಟ್ಟಿಹೋಗುತ್ತದೆ.

ಹೊಳೆನರಸೀಪುರದ ಸಮೀಪದ ನಮ್ಮ ಬಂಧುಗಳೊಬ್ಬರ ಹೊಲದಲ್ಲಿ ಇದನ್ನು ಕಣ್ಣಾರೆ ಕಂಡೆವು. ಭತ್ತದ ಸಸಿಮಡಿಗೆ ನೀರು ಹಾಯಿಸುವ ದಿನ. ಎಂಜಿನ್ನನ್ನು ಹಚ್ಚಿ ಎಲ್ಲರೂ ಊಟಕ್ಕೆ ಕುಳಿತಿದ್ದೆವು. ಮನೆಯ ಹಿರಿಯಾಕೆ, ನಮಗೆ ಸೋದರತ್ತೆಯಾಗಬೇಕಾದವರು, ಸಾರಿನ ಸೌಟನ್ನು ಹಿಡಿದವರೇ ಕಿವಿಗೊಟ್ಟು, “ಸದ್ದು ಬೇರೆಯಾಯಿತಲ್ಲಪ್ಪ, ಹೋಗಿ ನೋಡಬಾರದೆ?” ಎಂದರು. “ಊಟ ಮುಗಿಯಲಿ ಅತ್ತೆ” ಎಂದವರು ನಾವೇ. ಮಜ್ಜಿಗೆ ಅನ್ನಕ್ಕೆ ಬರುವಷ್ಟರಲ್ಲಿ ಸದ್ದೇ ನಿಂತಿತು. ಹೋಗಿ ನೋಡಿದರೆ ಕಾದ ಎಣ್ಣೆಯ ವಾಸನೆ, ಪಿಸ್ಟನ್ನು ಕಚ್ಚಿಕೊಂಡಿತ್ತು. ಫುಟ್‌ವಾಲ್ವನ್ನು ಮೇಲೆತ್ತಿದಾಗ ಅದರ ಮೈಗೆ ಅಂತರಗಂಗೆಯ ಬೇರು ಜಡೆಯಂತೆ ಸುತ್ತಿತ್ತು. ಎಂಜಿನ್ನು ದುರಸ್ತಾಗಿ ಬರುವ ಹೊತ್ತಿಗೆ ಸಸಿಮಡಿ ಬಾಡಿ, ಆ ವರ್ಷದ ನಾಟಿಗೆ ನೆರೆಯವರಲ್ಲಿ ಪೈರು ಕೇಳಬೇಕಾಯಿತು. ಅತ್ತೆಯವರು ಆಮೇಲೆ ಆ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಅದೇ ನಮಗೆ ಹೆಚ್ಚಿನ ನಾಚಿಕೆ.

ಪಂಪು ನೀರನ್ನು ಸೆಳೆಯುವುದೆಂದು ನಾವೆನ್ನುತ್ತೇವೆ. ನಿಜವಾಗಿ ಮೇಲಕ್ಕೆ ತಳ್ಳುವುದು ಗಾಳಿಯ ಒತ್ತಡ. ಸಮುದ್ರ ಮಟ್ಟದಲ್ಲಿ ಅದು ಹೆಚ್ಚೆಂದರೆ 34 ಅಡಿ ತಳ್ಳಬಲ್ಲದು. ಸುಮಾರು 3,000 ಅಡಿ ಎತ್ತರದ ಹಾಸನದಲ್ಲಿ 30 ಅಡಿಯ ಆಸುಪಾಸು. ಬಳಕೆಯಲ್ಲಿ 20 ಅಡಿಯೇ ದೊಡ್ಡದು. ಬಾಯಿಗೆ ಕಳೆ ಮೆತ್ತಿದಾಗ ಈ ಅಲ್ಪ ಬಲವೂ ಅದನ್ನು ದಾಟುವುದರಲ್ಲಿ ಸವೆಯುತ್ತದೆ.

ಆದುದರಿಂದ ಉಪಾಯವು ಸಣ್ಣ ತೂತಿನ ಜಾಲರಿಯಲ್ಲಿಲ್ಲ, ಅಗಲವಾದ ಜಾಲರಿಯಲ್ಲಿದೆ. ಫುಟ್‌ವಾಲ್ವಿಗೇ ಬಲೆ ಬಿಗಿದರೆ ಅದು ಇನ್ನೂ ಬೇಗ ಕಟ್ಟುವುದು. ಬದಲಾಗಿ ಎರಡಡಿ ಅಗಲ, ಎರಡಡಿ ಎತ್ತರದ ಬಿದಿರ ಬುಟ್ಟಿಯೊಳಗೆ ಅದನ್ನು ಇಳಿಬಿಡಬೇಕು. ಮೂರಂಗುಲದ ಕೊಳವೆಯ ಬಾಯಿ ಸುಮಾರು 7 ಚದರಂಗುಲ. ಅಂಥ ಬುಟ್ಟಿಯ ಸುತ್ತುಮೈ 1,800 ಚದರಂಗುಲ. ಅರ್ಧದಷ್ಟೇ ತೆರಪಿದ್ದರೂ ಬುಟ್ಟಿಯ ಬಳಿ ನೀರಿನ ವೇಗವು ಕೊಳವೆಯ ವೇಗದ ನೂರರಲ್ಲೊಂದು ಪಾಲಿಗಿಂತಲೂ ಕಡಮೆಯಾಗಿ, ಕಳೆಯು ಹತ್ತಿರ ಬಂದರೂ ಅಂಟಿಕೊಳ್ಳದು. ಬುಟ್ಟಿಯ ಬಾಯಿಯನ್ನೂ ಹೆಣೆದು ಮುಚ್ಚತಕ್ಕದ್ದು. ಫುಟ್‌ವಾಲ್ವು ನೀರಿನ ಮಟ್ಟಕ್ಕಿಂತ ಎರಡಡಿಯಾದರೂ ಕೆಳಗೆ, ಕೆಸರಿಗಿಂತ ಒಂದಡಿಯಾದರೂ ಮೇಲೆ ಇರಲಿ. ಎತ್ತಲು ಹಗ್ಗವೊಂದು ಸದಾ ಕಟ್ಟಿರಲಿ. ತೇಲುವ ಕಳೆಯನ್ನು ದೂರವಿಡಲು ಬಿದಿರ ಗಳುಗಳನ್ನು ಒಂದಕ್ಕೊಂದು ಕಟ್ಟಿ ಸುತ್ತ ಅರ್ಧಚಂದ್ರಾಕಾರವಾಗಿ ತೇಲಿಬಿಡುವುದು ಸುಲಭವೂ ಅಗ್ಗವೂ ಆದ ಬೇಲಿ.

ಎಂಜಿನ್ನಿರುವ ದೋಣಿಗಳಿಗೂ ಇದೇ ಕಷ್ಟವೆಂದರೆ ವಾಚಕರು ಬೆರಗಾಗಬಹುದು. ಹಾಯಿದೋಣಿಯ ಎಂಜಿನ್ನು ದೋಣಿಯ ತಳದ ತೂತಿನಿಂದ ನೀರೆಳೆದುಕೊಂಡು ತಣಿಯುತ್ತದೆ. ಹೊರಗೊಂದು ಕಂಬಿಜಾಲರಿ, ಒಳಗೊಂದು ಸೋಸುಪಾತ್ರೆ. ದೋಣಿಯ ಹಿಂಭಾಗಕ್ಕೆ ಸಿಕ್ಕಿಸುವ ಎಂಜಿನ್ನುಗಳಲ್ಲಿ ತಣಿಸಿದ ನೀರಿನ ಸಣ್ಣ ಧಾರೆಯೊಂದು ಹೊರಗೆ ಚಿಮ್ಮುತ್ತಿರುವುದು ವಾಡಿಕೆ. ಧಾರೆ ನಿಂತರೆ ನಾವಿಕನು ಎಂಜಿನ್ನನ್ನೂ ನಿಲ್ಲಿಸುತ್ತಾನೆ.

ನಮ್ಮ ಹೊಲದ ಎಂಜಿನ್ನಿಗೂ ಆ ಲಕ್ಷಣವೇ ಸಾಕು. ತಣಿಸಿದ ನೀರು ಹೊರಬೀಳುವ ಕೊಳವೆಗೆ ಕೈಯೊಡ್ಡಿದರೆ ಸ್ನಾನದ ನೀರಿನಷ್ಟು ಬೆಚ್ಚಗಿರಬೇಕು. ಧಾರೆ ಸಣ್ಣಗಾದರೆ, ಕೈಸುಟ್ಟರೆ, ಕೂಡಲೇ ನಿಲ್ಲಿಸತಕ್ಕದ್ದು. ಗಾಬರಿಯಿಂದ ಕಾದ ಎಂಜಿನ್ನಿಗೆ ತಣ್ಣೀರು ಸುರಿಯಬಾರದು; ಎರಕದ ಕಬ್ಬಿಣವು ಬಿರಿಯುತ್ತದೆ. ವಿದ್ಯುತ್ ಮೋಟಾರಾದರೆ ಸ್ವಿಚ್ಚನ್ನು ಆರಿಸದೆ ಯಾರೂ ನೀರಿಗಿಳಿಯಕೂಡದು. ಕಳೆಯ ನಡುವೆ ಈಜಬಲ್ಲವನಿಗೂ ಕಾಲು ಸಿಕ್ಕಿಕೊಳ್ಳುವುದರಿಂದ ಮಕ್ಕಳನ್ನಂತೂ ಈ ಕೆಲಸಕ್ಕೆ ಕಳುಹಲೇಬಾರದು.

ಕಳೆಯನ್ನೇ ತಿನ್ನುವ ಸಣ್ಣ ಮೂತಿಹುಳುಗಳನ್ನು 1982ರಲ್ಲಿ ಹೊರದೇಶದಿಂದ ಬೆಂಗಳೂರಿಗೆ ತರಿಸಿ, ಅನಂತರ ಅಲ್ಲಿನ ಕೆರೆಗಳಲ್ಲಿ ಬಿಟ್ಟು ನೋಡಿದರು. ಅವುಗಳ ಕೆಲಸ ವರ್ಷಗಳ ಲೆಕ್ಕದ್ದು. ಸಸಿಮಡಿ ಅಷ್ಟು ಕಾಯಲಾರದು. ಕೈಯಿಂದ ತೆಗೆದ ಕಳೆಯನ್ನು ಏರಿಯ ಮೇಲೇ ಬಿಟ್ಟರೆ ಮುಂದಿನ ಮಳೆಗೆ ಮತ್ತೆ ಕೆರೆಗಿಳಿಯುತ್ತದೆ. ದೂರ ಸಾಗಿಸಿ, ಹೂಬಿಡುವ ಮುನ್ನವೇ ತೆಗೆದುದಾದರೆ ಸಗಣಿಯೊಡನೆ ತಿಪ್ಪೆಗೆ ಹಾಕಬಹುದು. ನಮ್ಮ ಅತ್ತೆಯವರ ತಿಪ್ಪೆಯಲ್ಲಿ ಅದು ಒಳ್ಳೆಯ ಗೊಬ್ಬರವಾಗಿ, ಹಿತ್ತಲಿನ ಬಾಳೆಯ ಬುಡಕ್ಕೆ ಬಿದ್ದಿತು.